ಗಣಿತದ ಮೇಷ್ಟ್ರ ಕೈಗೆ ಬೀಗದ ಕೈ ಕೊಡಿ

ಸಿರುಗುಪ್ಪ ತಾಲೂಕಿನ ಕರೂರಿನಂಥ ಊರುಗಳಲ್ಲಿ ಭತ್ತದ ಲೆಕ್ಕ ಅರಿಯದ ಮನೆ ವಿರಳ. 75 ಕಿಲೋ ಚೀಲಕ್ಕೆ 1,800 ರೂಪಾಯಿಯಾದರೆ ಕ್ವಿಂಟಾಲಿಗೆಷ್ಟು ಎಂದು ಕೇಳಿದರೆ ರೈತನ ಮಗ 2,400 ಎಂದು ಬಾಯಲ್ಲೇ ಹೇಳಿಯಾನು. ಅದೇ ಹುಡುಗನ ಮುಂದೆ ಕರಿಹಲಗೆಯ ಮೇಲೆ 'ಎಕ್ಸ್' ಎಂದು ಬರೆದೊಡನೆ ನಾಲಿಗೆ ಒಣಗುತ್ತದೆ. ತಪ್ಪು ಹುಡುಗನದೆಂದು ನಾವು ಒಪ್ಪುವುದಿಲ್ಲ.

ಜನರು ಎಕ್ಸೆಲ್ ಎಂದು ಕರೆಯುವ ಸ್ಪ್ರೆಡ್‌ಶೀಟನ್ನು ಆತನ ಮುಂದಿಡಿ. ಒಂದು ಕಂಬಸಾಲಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಚೀಲಗಳು. ಬೇರೊಂದು ಮನೆಯಲ್ಲಿ ಚೀಲದ ಬೆಲೆ. ಎರಡನೆಯ ಕಂಬಸಾಲಿನಲ್ಲಿ ಇವೆರಡರ ಗುಣಲಬ್ಧ. ಬೆಲೆ ಬದಲಿಸಿದರೆ ಇಪ್ಪತ್ತೂ ಉತ್ತರಗಳು ಒಮ್ಮೆಲೇ ಬದಲಾಗುತ್ತವೆ. ಚರಾಕ್ಷರವೆಂದರೆ ಇದೇ. ನಕ್ಷೆ ಎಳೆದರೆ ಸರಳರೇಖೆ ಮೂಡುತ್ತದೆ. ಲಾರಿ ಬಾಡಿಗೆಯೆಂದು 500 ರೂಪಾಯಿ ಕಳೆದರೆ ಆ ರೇಖೆ ವಾಲದೆ ಕೆಳಗೆ ಸರಿಯುತ್ತದೆ. ಉತ್ತರಗಳ ನಡುವಿನ ಸಮಾನ ಅಂತರವನ್ನು ತೋರಿಸಿದರೆ ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯೂ ಕಣ್ಣಿಗೆ ಬಿತ್ತು!

ಆದರೆ ನಮ್ಮಲ್ಲಿ ನಡೆದದ್ದೇನು? 2001ರಲ್ಲಿ ಆರಂಭವಾದ ಮಾಹಿತಿ ಸಿಂಧು ಯೋಜನೆ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಕಲಿಸುವ ಹೊಣೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿತು. ಕಂಪ್ಯೂಟರ್ ಪ್ರತ್ಯೇಕ ವಿಷಯವಾಯಿತು, ಗಣಿತದ ಶಿಕ್ಷಕರು ಹೊರಗುಳಿದರು. ಶಿಕ್ಷಕರನ್ನೇ ತರಬೇತುಗೊಳಿಸುವ ತಂತ್ರಜ್ಞಾನಾಧಾರಿತ ಕಲಿಕಾ ಕಾರ್ಯಕ್ರಮ ಬಂದದ್ದು 2016-17ರಲ್ಲಿ. ಹದಿನೈದು ವರ್ಷ! ಒಂದು ಪೀಳಿಗೆಯೇ ಶಾಲೆ ಮುಗಿಸಿ ಹೋಯಿತು.

ಯಂತ್ರ ಕೊಟ್ಟರೆ ಮಕ್ಕಳು ಲೆಕ್ಕ ಮರೆಯುತ್ತಾರೆಂಬ ಆಕ್ಷೇಪವುಂಟು. ಉತ್ತರವನ್ನು ಮೊದಲು ಕಾಗದದ ಮೇಲೆ ಬರೆಸದ ಶಿಕ್ಷಕನ ಕೈಯಲ್ಲಿ ಅದು ನಿಜವೂ ಹೌದು. ರೀನ್‌ಹಾರ್ಟ್ ಮತ್ತು ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರ 2010ರ ಪ್ರಬಂಧದಲ್ಲಿ ಐದು ದೇಶಗಳ ಸಾಲುಗಳು ಎಕ್ಸೆಲ್ ಸೂತ್ರದಿಂದ ತಪ್ಪಿಹೋಗಿದ್ದವು. ಸರಕಾರಗಳ ಮಿತವ್ಯಯ ನೀತಿಯ ಸಮರ್ಥನೆಗೆ ಬಳಕೆಯಾದ ಆ ಪ್ರಬಂಧದ ದೋಷವನ್ನು 2013ರಲ್ಲಿ ಬಯಲಿಗೆ ತಂದವರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯೂ ಇದ್ದ. ಯಂತ್ರವನ್ನು ನಂಬದೆ ತಾಳೆ ನೋಡುವ ಇಂಥ ವಿದ್ಯಾರ್ಥಿಗಳೇ ನಮಗೆ ಬೇಕು.

ಅಲ್ ಖವಾರಿಝ್ಮಿಯ ಹೆಸರು ಹೇಳಿ ವೇದಿಕೆಗಳಲ್ಲಿ ಬೀಗುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆತನ ಬೀಜಗಣಿತ ಗ್ರಂಥದ ದೊಡ್ಡ ಭಾಗವು ವಾರಸು ಹಂಚಿಕೆಯ ಲೆಕ್ಕಗಳಿಗೆ, ಅಂದರೆ ಮನೆಮನೆಯ ವ್ಯವಹಾರಕ್ಕೆ ಮೀಸಲಾಗಿತ್ತೆಂಬುದು ಅವರಿಗೆ ನೆನಪಿರುವುದಿಲ್ಲ. ಗಣಿತಕ್ಕೆ ಹೆದರಿದ ಮಗಳ ಓದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿ, ಮಗನನ್ನು ಹಣ ತೆತ್ತು ಕಂಪ್ಯೂಟರ್ ಸೆಂಟರಿಗೆ ಸೇರಿಸಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವ ಪಾಲಕರು ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋಗಲಿ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇದೆ, ತರಗತಿಗೆ ಒಂದು ಕಂಪ್ಯೂಟರ್ ಸಾಕು. ಆ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ, ಗಣಿತದ ಮೇಷ್ಟ್ರು ಅದನ್ನು ವಾರಕ್ಕೆ ಎಷ್ಟು ಬಾರಿ ತೆರೆಸಿದ್ದಾರೆ ಎಂದು ಕೇಳಲಿ.