ಮುನ್ನೂರು ಕಾದಂಬರಿ ಬರೆದರೂ ಬಿಡಲಾಗದ ನೌಕರಿ

ಹಿಂದಿಯ ಜನಪ್ರಿಯ ಪತ್ತೇದಾರಿ ಕಾದಂಬರಿಕಾರ ಸುರೇಂದ್ರ ಮೋಹನ್ ಪಾಠಕ್ ಅವರ ಕೃತಿಗಳ ಸಂಖ್ಯೆ 300ರ ಆಸುಪಾಸಿನಲ್ಲಿದೆ. ಮೊದಲ ಕಾದಂಬರಿ ಹೊರಬಂದದ್ದು 1963ರಲ್ಲಿ. ಆದರೂ ಅವರು ದಶಕಗಳ ಕಾಲ ನೌಕರಿ ಮಾಡುತ್ತಲೇ ಬರೆದರು. ಆ ನೌಕರಿ ಇದ್ದದ್ದು ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಸಂಸ್ಥೆಯ ದೆಹಲಿ ಕಚೇರಿಯಲ್ಲಿ ಎಂಬುದು ಗಮನಾರ್ಹ.

ಕಾರಣ ಸ್ಪಷ್ಟ. ರೈಲು ನಿಲ್ದಾಣಗಳಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಪಾಕೆಟ್ ಪುಸ್ತಕಗಳ ಲೋಕದಲ್ಲಿ ಲೇಖಕನಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಒಂದೇ ಕಂತಿನ ಸಂಭಾವನೆ. ಪುಸ್ತಕ ಎಷ್ಟೇ ಬಾರಿ ಮರುಮುದ್ರಣಗೊಂಡರೂ ಲಾಭ ಪ್ರಕಾಶಕರದ್ದು. ಬಾಡಿಗೆ ಗ್ರಂಥಾಲಯಗಳಲ್ಲಂತೂ ಒಂದು ಪ್ರತಿಯನ್ನು ನೂರು ಮಂದಿ ಓದಿದರೂ ಲೆಕ್ಕಕ್ಕೆ ಬರುವುದು ಒಂದೇ ಮಾರಾಟ. ಆದ್ದರಿಂದ ಹೆಚ್ಚು ಗಳಿಸಲು ಹೆಚ್ಚು ಬರೆಯುವುದೊಂದೇ ದಾರಿ. ಕನ್ನಡದಲ್ಲಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ, 2011ರಲ್ಲಿ ನಿಧನರಾದ ಎನ್. ನರಸಿಂಹಯ್ಯ ಅವರ ಬರಹದ ವೇಗವನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕಾಗುತ್ತದೆ.

ಪಾಠಕ್ ಅವರಿಗೆ ಮನ್ನಣೆಯೂ ತಡವಾಗಿಯೇ ಬಂತು. 1977ರ ಅವರ ಕಾದಂಬರಿಯೊಂದು ಇಂಗ್ಲಿಷಿಗೆ ಬಂದದ್ದು 2009ರಲ್ಲಿ. ದೊಡ್ಡ ಪ್ರಕಾಶನ ಸಂಸ್ಥೆಯಾದ ಹಾರ್ಪರ್ ಕಾಲಿನ್ಸ್ 2014ರಲ್ಲಿ 'ಕೊಲಾಬಾ ಕಾನ್‌ಸ್ಪಿರಸಿ' ಪ್ರಕಟಿಸುವ ವೇಳೆಗೆ ಅವರಿಗೆ 74 ವರ್ಷ. ಅಷ್ಟರಲ್ಲಿ ಟಿವಿ, ಮೊಬೈಲುಗಳು ಪಾಕೆಟ್ ಪುಸ್ತಕದ ಮಾರುಕಟ್ಟೆಯನ್ನು ಬಹುತೇಕ ನುಂಗಿದ್ದವು.

ಲಕ್ಷಾಂತರ ಓದುಗರಿದ್ದೂ ಲೇಖಕ ಸಂಬಳವನ್ನೇ ನೆಚ್ಚಬೇಕಾಯಿತೆಂದರೆ, ಕೊರತೆಯಿದ್ದದ್ದು ಓದುಗರದ್ದಲ್ಲ, ನ್ಯಾಯವಾದ ಗೌರವಧನದ್ದು.