ಗುಲಾಬಿಗೆ ಗಾಳಿ ಬೇಕು

ಮಳೆಗಾಲದ ಸೆಕೆ ಶುರುವಾಯ್ತೆಂದರೆ ಗುಲಾಬಿ ಎಲೆಗೆ ಕಪ್ಪು ಚುಕ್ಕೆ ಬಂದು, ಹಳದಿಯಾಗಿ ಉದುರ್ತದೆ. ಕೂಡಲೇ ನಮ್ಮವರು ಔಷಧಿ ಅಂಗಡಿಗೆ ಓಡ್ತಾರೆ. ಹಬ್ಬದ ಹೂವಿನ ಕಾಸು ಅರ್ಧ ಅಲ್ಲೇ ಖರ್ಚು! ಇದು ಶಿಲೀಂಧ್ರ ರೋಗ. ಎಲೆ ಒಂದು 7 ತಾಸು ಒದ್ದೆಯಾಗೇ ಇದ್ದರೆ ಸಾಕು, ಹತ್ತಿಕೊಳ್ಳುತ್ತದೆ. ಮಳೆ ನಮ್ಮ ಕೈಲಿಲ್ಲ, ನಿಜ. ಆದರೆ ಸಂಜೆ ಹೊತ್ತು ಗಿಡದ ತಲೆ ಮೇಲೆ ನೀರು ಹೊಯ್ಯೋದು ಯಾರ ಕೈಲಿದೆ? ನೀರು ಬೆಳಿಗ್ಗೆ, ಅದೂ ಬುಡಕ್ಕೆ ಮಾತ್ರ ಕೊಡಬೇಕು. ನನ್ನ ಬಾವಿ ಪಕ್ಕದಲ್ಲಿರೋದು 40 ಗಿಡ, 4 ಅಡಿಗೊಂದರಂತೆ. 'ಜಾಗ ದಂಡ' ಅಂತ ನೆರೆಯವರು ನಗ್ತಾರೆ. ನಗಲಿ, ನಡುವೆ ಗಾಳಿ ಆಡ್ತದೆ. ತುದಿಯಿಂದ ಒಣಗಿ ಬರುವ ಕಡ್ಡಿಯನ್ನು ಹಸಿರು ಕಾಣುವವರೆಗೂ ಕತ್ತರಿಸುತ್ತೇನೆ. ಉದುರಿದ ಎಲೆಗಳನ್ನೂ ಆರಿಸಿ ಸುಡುತ್ತೇನೆ. ಬುಡದಲ್ಲೇ ಬಿಟ್ಟರೆ ಮುಂದಿನ ಮಳೆಹನಿ ಅದೇ ರೋಗವನ್ನು ಹೊಸ ಚಿಗುರಿಗೆ ಚಿಮ್ಮಿಸುತ್ತದೆ.