ಮಿತಪಾನವೆಂಬ ಸುಳ್ಳು ಲೆಕ್ಕ

ಶಿವಮೊಗ್ಗದ ರವೀಂದ್ರನಗರದಂತಹ ಬಡಾವಣೆಗಳ ಶ್ರಾವಕರ ಮನೆಗಳಲ್ಲಿ ಅಡುಗೆಮನೆಯ ಶಿಸ್ತು ಇಂದಿಗೂ ಬಹುಮಟ್ಟಿಗೆ ಉಳಿದಿದೆ. ಈರುಳ್ಳಿ, ಆಲೂಗಡ್ಡೆಗಳಿಗೆ ಪ್ರವೇಶವಿಲ್ಲ. ನೀರು ಸೋಸದೆ ಬಳಕೆಗಿಲ್ಲ. ಆದರೆ ಅದೇ ಮನೆಯ ಮಗ ಇಂಜಿನಿಯರಿಂಗ್ ಓದಲು ಹೋಗಿ, ಶನಿವಾರ ರಾತ್ರಿ ಗೆಳೆಯರೊಡನೆ ಬಿಯರ್ ಕುಡಿಯುತ್ತಾನೆಂದು ತಿಳಿದಾಗ ಹಿರಿಯರು ಕೇಳಿಯೂ ಕೇಳದಂತಿರುತ್ತಾರೆ. 'ಮಾಂಸವನ್ನಂತೂ ಮುಟ್ಟುವುದಿಲ್ಲವಲ್ಲ' ಎಂಬುದು ತಂದೆಯ ಸಮಾಧಾನ. 'ಮಿತವಾಗಿ ಕುಡಿದರೆ ಹೃದಯಕ್ಕೆ ಹಿತ' ಎಂಬುದು ಮಗನ ಪಾಂಡಿತ್ಯ.

ಮಗನ ಮಾತನ್ನೇ ಮೊದಲು ಪರೀಕ್ಷಿಸೋಣ. ಫ್ರೆಂಚರು ದ್ರಾಕ್ಷಾರಸ ಕುಡಿದೂ ಹೃದ್ರೋಗದಿಂದ ಪಾರಾಗುತ್ತಾರೆಂಬ ಸುದ್ದಿ 1990ರ ದಶಕದಲ್ಲಿ ಜಗತ್ತೆಲ್ಲ ಹರಡಿತು. ಮದ್ಯ ವ್ಯಾಪಾರಿಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಆದರೆ ಅಂತಹ ಹಲವು ಅಧ್ಯಯನಗಳಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ 'ಕುಡಿಯದವರು' ಎಂಬ ಗುಂಪಿಗೇ ಸೇರಿಸಲಾಗಿತ್ತು. ದಿವಾಳಿಯಾದ ಅಂಗಡಿಯ ನಷ್ಟವನ್ನು ನೆರೆಯವನ ಖಾತೆಗೆ ಬರೆದು ತನ್ನ ಖಾತೆಯಲ್ಲಿ ಲಾಭ ತೋರಿಸುವ ಜಾಣತನವಿದು. ಅದಿರಲಿ, 52 ದೇಶಗಳ ರೋಗಿಗಳನ್ನು ಪರಿಶೀಲಿಸಿದ ಇಂಟರ್‌ಹಾರ್ಟ್ ಅಧ್ಯಯನದ 2007ರ ವರದಿ ಹೇಳುವುದೇನು? ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ. ಮದ್ಯದಿಂದ ಅವರಿಗೆ ಯಾವ ರಕ್ಷಣೆಯೂ ಕಂಡುಬಂದಿಲ್ಲ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಈಗ ಆ ಶನಿವಾರದ ಬಾಟಲಿಯ ಲೆಕ್ಕ. 650 ಮಿಲಿಲೀಟರಿನ, ಶೇ. 7ರ ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 36 ಗ್ರಾಂ ಮದ್ಯಸಾರವಿರುತ್ತದೆ. ಗ್ರಾಮಿಗೆ 7 ಕ್ಯಾಲೊರಿಯಂತೆ ಅದೊಂದರಿಂದಲೇ 250 ಕ್ಯಾಲೊರಿ. ಅನ್ನವನ್ನಾಗಲಿ ತುಪ್ಪವನ್ನಾಗಲಿ ದೇಹ ಕೂಡಿಡಬಲ್ಲದು. ಮದ್ಯಸಾರವನ್ನು ಇಡಲು ಅದಕ್ಕೆ ಉಗ್ರಾಣವಿಲ್ಲ. ಆದುದರಿಂದ ಯಕೃತ್ತು ಬೇರೆಲ್ಲ ಕೆಲಸವನ್ನು ಬದಿಗಿಟ್ಟು, ಗಂಟೆಗೆ ಏಳರಿಂದ ಹತ್ತು ಗ್ರಾಮಿನಂತೆ ಈ ವಿಷವನ್ನು ಕರಗಿಸಲು ತೊಡಗುತ್ತದೆ. ಆ ನಾಲ್ಕೈದು ಗಂಟೆ ಕೊಬ್ಬಿನ ದಹನ ಹಿಂದೆ ಬೀಳುತ್ತದೆ. ಉಳಿದ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗುತ್ತದೆ, ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೂ ಇಳಿಯುತ್ತದೆ. ಪದೇ ಪದೇ ಕುಡಿದರೆ ರಕ್ತದೊತ್ತಡವೂ ಏರುತ್ತದೆ. ವಾರಾಂತ್ಯದಲ್ಲಿ ವಿಪರೀತ ಕುಡಿದವರ ಹೃದಯದ ಲಯ ತಪ್ಪುವುದನ್ನು ಗಮನಿಸಿದ ಅಮೆರಿಕದ ವೈದ್ಯರು 1978ರಲ್ಲೇ ಅದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು. ಅದುವರೆಗೆ ಹೃದ್ರೋಗವಿಲ್ಲದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಕೇಳಿ ಭೀತರಾದ ಜನ ಇಸಿಜಿಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ತಜ್ಞರ ಸಮಿತಿಯ ವರದಿಯಲ್ಲಿ ಹೊಸ ರೋಗವೇನೂ ಇರಲಿಲ್ಲ. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳೆಂಬ ಹಳೆಯ ಹೆಸರುಗಳೇ ಇದ್ದವು. ಸೋಮವಾರ ಇಸಿಜಿ, ಶನಿವಾರ ಬಿಯರ್ ಎಂಬ ಕ್ರಮಕ್ಕೆ ಯಾವ ವೈದ್ಯನೂ ಹೊಣೆಯಾಗಲಾರ.

ಇನ್ನು ತಂದೆಯ ಸಮಾಧಾನ. ಸಮಂತಭದ್ರಾಚಾರ್ಯರು ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳಿದರೂ ಮದ್ಯವನ್ನು ಸಡಿಲಿಸಲಿಲ್ಲ. ಅದು ಅಸಂಖ್ಯ ಜೀವಿಗಳ ಉತ್ಪತ್ತಿಸ್ಥಾನವಾದುದರಿಂದ ಪಾನವೇ ಹಿಂಸೆಯೆಂದರು. ಕಂದಮೂಲಗಳ ತ್ಯಾಗವನ್ನು ಸಮಂತಭದ್ರರು ಹೇಳುವುದು ಮೂಲಗುಣಗಳು ಮುಗಿದ ಮೇಲೆ, ಭೋಗೋಪಭೋಗ ಪರಿಮಾಣದಲ್ಲಿ. ಹಾಗಿರುವಾಗ ಆಲೂಗಡ್ಡೆಗೆ ಬಾಗಿಲು ಮುಚ್ಚಿ ಬಾಟಲಿಗೆ ಕಣ್ಣು ಮುಚ್ಚುವುದು, ತಳಪಾಯ ಕಿತ್ತು ಮಾಳಿಗೆಗೆ ಸುಣ್ಣ ಬಳಿದಂತಲ್ಲವೇ?

ಹುಡುಗರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಶ್ರಾವಕನಿಗೆ ನಿಷಿದ್ಧವೆಂದು ಶಾಸ್ತ್ರಗಳು ಎಣಿಸುವ ಹದಿನೈದು ವ್ಯಾಪಾರಗಳಲ್ಲಿ ರಸವಾಣಿಜ್ಯವೂ ಒಂದು; ಮದ್ಯದ ಮಾರಾಟ ಅದರಲ್ಲಿ ಸೇರಿದೆ. 'ಮಾರುವವನು ಬೇರೆ, ಮಳಿಗೆ ಮಾತ್ರ ನಮ್ಮದು' ಎಂದು ಬಾಡಿಗೆ ಎಣಿಸುವ ಗೃಹಸ್ಥನ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳುವವರಾರು? ಹನ್ನೊಂದು ತಿಂಗಳ ಕರಾರು ಮುಗಿದಾಗ ಅದನ್ನು ನವೀಕರಿಸದಿರಲು ಯಾರ ಅಪ್ಪಣೆಯೂ ಬೇಕಿಲ್ಲ.